ತಿಜೋರಿ ತಣ್ಣಗಾಗುವ ತನಕ

ಮೊಗುಲಪ್ಪ ತೀರಿಕೊಂಡ ಸುದ್ದಿ ಬಂದಾಗ ಆಶಪ್ಪ ಬಾವಿಯ ಹತ್ತಿರ ಮೆಣಸಿನ ಗಿಡಕ್ಕೆ ನೀರು ತಿರುವುತ್ತಿದ್ದ. ಮುದುಕನಿಗೆ ಎಂಬತ್ತು ದಾಟಿತ್ತು, ಹೋಗುವ ವಯಸ್ಸೇ. ಆದರೂ ಆಶಪ್ಪ ಸಲಿಕೆ ಕೆಳಗಿಟ್ಟು ಬದುವಿನ ಮೇಲೆ ಕೂತವನು ಹೊತ್ತು ನೆತ್ತಿಗೆ ಬರುವ ತನಕ ಏಳಲಿಲ್ಲ. ಅವನ ಅಪ್ಪ ಮತ್ತು ದೊಡ್ಡಪ್ಪ ಹೊಲ ಹಂಚಿಕೊಂಡ ದಿನ ಚಾವಡಿಯಲ್ಲಿ ಕೂತಿದ್ದ ಐವರು ಪಂಚರಲ್ಲಿ ಮೊಗುಲಪ್ಪನೇ ಕೊನೆಯವನು. ಬಾವಿ ಯಾರ ಪಾಲಿಗೆ ಬಂತು ಎಂದು ಬಾಯಿಬಿಟ್ಟು ಹೇಳಬಲ್ಲ ಮನುಷ್ಯ ಇನ್ನು ಊರಲ್ಲಿ ಒಬ್ಬನೂ ಇಲ್ಲ. ಹೇಳಬಲ್ಲದ್ದು ಒಂದು ಕಾಗದ ಮಾತ್ರ.

ಮಕ್ತಲದಿಂದ ಕೃಷ್ಣಾ ಹೊಳೆಗೆ ಇಳಿಯುವ ದಾರಿಯಲ್ಲಿ ಅವನ ಊರು. ಅದು ನಿಜಾಮನ ಲೆಕ್ಕದಲ್ಲಿ ಫಸಲಿ ಹದಿಮೂರುನೂರ ಐವತ್ತೊಂದನೆಯ ವರ್ಷದ ಬೇಸಿಗೆ. ಮೊಗುಲಪ್ಪನ ಮಣ್ಣು ಮುಗಿಸಿ ಬರುವಾಗ ದೊಡ್ಡಪ್ಪನ ಹಿರಿಯ ಮಗ ಆಶಪ್ಪನ ಜೋಡಿ ಹೆಜ್ಜೆ ಹಾಕುತ್ತ ಬಂದ. ಕೆಟ್ಟವನಲ್ಲ, ಮನೆಯ ತುಂಬ ಮಕ್ಕಳಿರುವ ಮನುಷ್ಯ. ಮಳೆ, ಬೆಳೆ, ಯುದ್ಧದಿಂದ ತುಟ್ಟಿಯಾದ ಸೀಮೆಎಣ್ಣೆ ಎಲ್ಲ ಮಾತಾಡಿ, ಮನೆಯ ತಿರುವು ಬಂದಾಗ ಕೇಳಿದ:

"ಆಶಪ್ಪಾ, ಆ ಬಾವಿದು ನಿನ್ನ ಹತ್ರ ಕಾಗದ ಐತೇನೊ, ಇಲ್ಲಾ ಬಾಯಿ ಮಾತಽನೊ?"

"ಐತಿ" ಅಂದ ಆಶಪ್ಪ.

"ಇರ್ಲಿ ಬಿಡು. ಸುಮ್ನ ಕೇಳಿದೆ."

ಸುಮ್ಮನೆ ಕೇಳಿದ್ದಲ್ಲ ಎಂದು ಇಬ್ಬರಿಗೂ ಗೊತ್ತಿತ್ತು.

ಕಾಗದವೇನೋ ಇತ್ತು. ಮೂರು ಹಾಳೆಯ ಭಾಗಪತ್ರ, ಕೆಳಗೆ ಐದು ಹೆಬ್ಬೆಟ್ಟು, ಎರಡು ಸಹಿ, ಒಂದು ಅರಗಿನ ಮುದ್ರೆ. ಇದರ ನಕಲು ಎಲ್ಲಿಯೂ ಇಲ್ಲ. ಅದನ್ನು ಬರೆದ ಕಾಲದಲ್ಲಿ ಅಣ್ಣ ತಮ್ಮಂದಿರ ಹಂಚಿಕೆಯನ್ನು ಕಚೇರಿಗೆ ಒಯ್ಯುವುದೆಂದರೆ ಮನೆಯ ಮರ್ಯಾದೆಯನ್ನು ಬಜಾರಿಗೆ ಒಯ್ದಂತೆ. ದೇವರ ಕೋಣೆಯ ಕಟ್ಟಿಗೆಯ ಪೆಟ್ಟಿಗೆಯಲ್ಲಿ, ಕೆಂಪು ಅರಿವೆಯಲ್ಲಿ ಸುತ್ತಿ ಅದನ್ನು ಇಟ್ಟಿದ್ದರು. ಪೆಟ್ಟಿಗೆ ಅಂದರೆ ಲಕ್ಷ್ಮಿ. ದಿನಾ ಸಂಜೆ ಅಮರಮ್ಮ, ಆಶಪ್ಪನ ಹೆಂಡತಿ, ಪೆಟ್ಟಿಗೆಯ ಮುಚ್ಚಳವನ್ನು ಒಂದು ಬೆರಳಿನಷ್ಟು ತೆರೆದು ಒಳಗೆ ದೀಪ ತೋರಿಸಿ, ಅರಿಶಿನ ಕುಂಕುಮ ಏರಿಸಿ, ಅದೇ ಮುಚ್ಚಳದ ಮೇಲೆ ದೀಪವಿಟ್ಟು ಕೈ ಮುಗಿಯುತ್ತಿದ್ದಳು. ದೀಪ ಹಚ್ಚುವ ಹೊತ್ತು ಮೀರಿ ಲಕ್ಷ್ಮಿಯನ್ನು ಕತ್ತಲಲ್ಲಿ ಕೂಡ್ರಿಸಿದರೆ ಅವಳು ಎದ್ದು ಹೋಗುತ್ತಾಳೆ ಎಂಬುದು ಈ ಸೀಮೆಯ ಯಾವ ಹೆಂಗಸಿಗೂ ಹೇಳಿಕೊಡಬೇಕಾದ ಮಾತಲ್ಲ. ಎಣ್ಣೆ ಕುಡಿದು ಕಪ್ಪಾದ ಒಣ ಕಟ್ಟಿಗೆ, ಅದರ ಮೇಲೆ ಉರಿಯುವ ಬತ್ತಿ, ಅದರ ಕೆಳಗೆ ಬಾವಿ. ಇಷ್ಟು ವರ್ಷ ಯಾರ ಕಣ್ಣಿಗೂ ಅದು ಹಾಗೆ ಕಂಡಿರಲಿಲ್ಲ.

ಅವತ್ತು ಮನೆಗೆ ಬಂದಾಗ ಕಟ್ಟೆಯ ಮೇಲೆ ಶೇಖಮ್ಮ ಕೂತಿದ್ದಳು. ಅಮರಮ್ಮನ ಅಕ್ಕ. ಮರಿಕಲ್ ಕಡೆಯವಳು. ಎರಡು ವರ್ಷದಿಂದ ತಿಂಗಳಿಗೊಮ್ಮೆ, ಕೆಲವು ತಿಂಗಳು ಎರಡು ಸಲ, ಆಕೆ ಹೀಗೆ ಬರುತ್ತಾಳೆ. ತಾಲೂಕು ಕಚೇರಿಯಲ್ಲಿ ಪೇಶಿ, ಅಂದರೆ ವಿಚಾರಣೆಯ ತಾರೀಖು, ಇರುತ್ತದೆ. ಮನೆ ಸುಟ್ಟು, ತೀರಿಕೊಂಡ ಗಂಡನ ಹೊಲದ ಕಾಗದ ಹೋಯಿತು. ಆ ಹೊಲ ತನ್ನದೇ ಎಂದು ತೋರಿಸಬೇಕು. ಕಚೇರಿಯವರು ಬೈಯುವುದಿಲ್ಲ. ಸಬೂತು ತಾ ತಾಯಿ, ಇಲ್ಲವೆ ಗಡಿ ಗೊತ್ತಿರುವ ಇಬ್ಬರನ್ನು ಕರೆದುಕೊಂಡು ಬಾ ಎನ್ನುತ್ತಾರೆ. ಅವರ ಮಾತೂ ಸರಿಯೇ. ಕರೆದುಕೊಂಡು ಬರೋಣವೆಂದರೆ ಒಬ್ಬ ಪುಣೆಗೆ ಕೂಲಿಗೆ ಹೋಗಿದ್ದಾನೆ, ಇನ್ನೊಬ್ಬನಿಗೆ ಕಣ್ಣು ಕಾಣುವುದಿಲ್ಲ. ಹೀಗೆ ಬಂದು ಹೋಗಿ ಆಕೆಯ ಚಪ್ಪಲಿ ಅಷ್ಟೇ ಅಲ್ಲ, ಮಾತೂ ಸವೆದಿತ್ತು. ಬಂದರೆ ಕಂಬಕ್ಕೆ ಒರಗಿ ಕೂರುತ್ತಾಳೆ, ಕೊಟ್ಟದ್ದು ಉಣ್ಣುತ್ತಾಳೆ. ಆಕೆಯನ್ನು ನೋಡಿದರೆ ಆಶಪ್ಪನಿಗೂ ಮೈ ಭಾರವಾಗುತ್ತಿತ್ತು. ದಣಿವು ಕೂಡ ಕೆಮ್ಮಿನ ಹಾಗೆ, ಒಬ್ಬರಿಂದ ಒಬ್ಬರಿಗೆ ಹತ್ತುತ್ತದೆ.

ಅಮರಮ್ಮ ರೊಟ್ಟಿ ಬಡಿಯುತ್ತಲೇ ಮಾತು ತೆಗೆದಳು. ಕಟ್ಟಿಗೆಯ ಪೆಟ್ಟಿಗೆ ಇನ್ನು ಬೇಡ, ಬೆಂಕಿ ತಡೆಯುವ ಸಣ್ಣ ತಿಜೋರಿಯೊಂದು ತರಬೇಕು ಎಂದಳು. ಮುದುಕ ಇರುವ ತನಕ ಕಾಗದ ಹೋದರೂ ಬಾಯಿ ಇತ್ತು, ಈಗ ಆ ಬಾಯಿಯೂ ಹೋಯಿತು ಎಂದಳು. ಆಶಪ್ಪ, ನಮ್ಮದು ಕಲ್ಲಿನ ಮನೆ, ಕಲ್ಲು ಸುಡುತ್ತದೆಯೇ ಎಂದ. ಮಾಳಿಗೆಯ ತೊಲೆ ಕಲ್ಲಿನದೋ, ಮೇಲೆ ಒಟ್ಟಿದ ಜೋಳದ ಕಣಿಕೆ ಕಲ್ಲಿನದೋ ಎಂದು ಅವಳು ಕೇಳಿದಳು. ಹಾಗಾದರೆ ಸಂತೆಯಲ್ಲಿ ತಗಡಿನ ಟ್ರಂಕು ಸಿಗುತ್ತದೆ, ಕಬ್ಬಿಣವಂತೂ ಸುಡುವುದಿಲ್ಲವಲ್ಲ ಎಂದ.

ಅಮರಮ್ಮ ಹಂಚಿನ ಮೇಲಿನ ರೊಟ್ಟಿಯನ್ನು ಮಗುಚದೆ ಹಾಗೇ ಬಿಟ್ಟಳು. ಸೀದ ವಾಸನೆ ಬಂತು.

"ಹಂಚು ಸುಡಂಗಿಲ್ಲ ನೋಡ್ರಿ" ಅಂದಳು. "ರೊಟ್ಟಿ ಸುಡ್ತೈತಿ. ಇದನ್ನ ನೀವಽ ತಿನ್ರಿ."

ಆಶಪ್ಪ ತಿಂದ. ಆದರೆ ಸೋಲಲಿಲ್ಲ. ಅವನ ಹತ್ತಿರ ದೊಡ್ಡ ಮಾತೊಂದಿತ್ತು, ಅದು ಕಂಬಕ್ಕೆ ಒರಗಿ ಎದುರಿಗೇ ಕೂತಿತ್ತು. ಶೇಖಮ್ಮನ ಮಾವ ಹೈದರಾಬಾದಿನಿಂದ ರೈಲಿನಲ್ಲಿ ಹಾಕಿಸಿ ತಂದದ್ದು ಬೆಂಕಿ ತಡೆಯುವ ತಿಜೋರಿಯೇ. ಊರಿಗೆಲ್ಲ ಹೇಳಿಕೊಂಡು ತಿರುಗಿದ್ದ. ಮನೆ ಹತ್ತಿದ ದಿನ ತಿಜೋರಿಗೆ ಏನೂ ಆಗಲಿಲ್ಲ, ಒಳಗಿನ ಕಾಗದ ಮಾತ್ರ ಬೂದಿ.

"ಅಕ್ಕಾರ, ನೀವಽ ಹೇಳ್ರಿ. ನಿಮ್ಮ ತಿಜೋರಿ ಉಳಿಸ್ತೇನು?"

ಶೇಖಮ್ಮ ತಲೆ ಎತ್ತಲಿಲ್ಲ. "ಇಲ್ರಿ. ಬಾಗಲಾ ತೆಗದ್ರ ಒಳಗ ಉರೀತಿತ್ತು."

"ಮತ್ತ?" ಎಂದು ಆಶಪ್ಪ ಹೆಂಡತಿಯ ಕಡೆ ನೋಡಿದ. ಗೆದ್ದಿದ್ದ, ಗೆದ್ದದ್ದರಲ್ಲಿ ರುಚಿ ಇರಲಿಲ್ಲ.

ಎರಡು ವಾರ ಕಳೆಯಿತು. ಓಣಿಯ ಆಚೆಯ ತುದಿಯಲ್ಲಿ ಒಂದು ಬಣವೆಗೆ ಬೆಂಕಿ ಹತ್ತಿ ಕಿಡಿಗಳು ಗಾಳಿಯಲ್ಲಿ ಇವರ ಮಾಳಿಗೆಯ ತನಕ ಬಂದವು. ಅವತ್ತು ಆಶಪ್ಪ ಮೊದಲು ಓಡಿದ್ದು ಎತ್ತಿನ ಕಡೆಯೂ ಅಲ್ಲ, ಕಾಳಿನ ಕಡೆಯೂ ಅಲ್ಲ. ಪೆಟ್ಟಿಗೆ ಹೊತ್ತುಕೊಂಡು ಅಂಗಳಕ್ಕೆ ಬಂದು ನಿಂತ. ಬೆಂಕಿ ಆರಿಸಿ ಎಲ್ಲರೂ ಮನೆಗೆ ಹೋದ ಮೇಲೂ ಪೆಟ್ಟಿಗೆ ಹಿಡಿದು ನಿಂತೇ ಇದ್ದ. ದೊಡ್ಡಪ್ಪನ ಮಗ ತನ್ನ ಬಾಗಿಲಲ್ಲಿ ನಿಂತು ಅದನ್ನು ನೋಡಿದ. ಮರುದಿನ ಆಶಪ್ಪ ಗದ್ವಾಲಕ್ಕೆ ಹೋಗುತ್ತೇನೆ ಎಂದ. ಅಲ್ಲಿ ಯಂಕಣ್ಣ ಎಂಬ ಕಮ್ಮಾರ ಇದ್ದಾನೆ, ಹೈದರಾಬಾದಿನ ಕಾರ್ಖಾನೆಯಲ್ಲಿ ಹನ್ನೆರಡು ವರ್ಷ ತಿಜೋರಿ ಮಾಡಿ ಬಂದವನು, ಹಳೆಯವನ್ನು ರಿಪೇರಿ ಮಾಡಿ ಮಾರುತ್ತಾನೆ ಎಂದು ಕೇಳಿದ್ದ. ನಂಬಿಕೆ ಬಂದು ಹೊರಟದ್ದಲ್ಲ. ಇನ್ನೊಮ್ಮೆ ಹಾಗೆ ಪೆಟ್ಟಿಗೆ ಹೊತ್ತು ಅಂಗಳದಲ್ಲಿ ನಿಲ್ಲುವ ಶಕ್ತಿ ಇಲ್ಲವೆನ್ನಿಸಿ ಹೊರಟದ್ದು.

ಅವನು ಹಾಗೆ ಅಂದ ಗುರುವಾರವೇ ಶೇಖಮ್ಮ ಮತ್ತೆ ಬಂದಿದ್ದಳು. ಶುಕ್ರವಾರ ಕಚೇರಿಗೆ ರಜೆ, ಪೇಶಿ ಶನಿವಾರಕ್ಕೆ. ಸುಮ್ಮನೆ ಕೂತು ಏನು ಮಾಡುತ್ತೀ, ತಿಜೋರಿ ಇಟ್ಟುಕೊಂಡು ಬಾಳಿದವಳು ನೀನೊಬ್ಬಳೇ, ಜೋಡಿ ಹೋಗು, ಇವರು ಬಣ್ಣ ನೋಡಿ ತಂದಾರು ಎಂದು ಅಮರಮ್ಮ ಅಕ್ಕನನ್ನು ಎಬ್ಬಿಸಿ ಕಳಿಸಿದಳು. ಮರುದಿನ ನಸುಕಿನಲ್ಲಿ ಹೊರಟು, ಹರಿಗೋಲಿನಲ್ಲಿ ಹೊಳೆ ದಾಟಿ, ಆಚೆ ದಂಡೆಯಲ್ಲಿ ಗಾಡಿ ಹಿಡಿದು ಗದ್ವಾಲ ಸೇರುವಷ್ಟರಲ್ಲಿ ಹೊತ್ತು ಏರಿತ್ತು. ಹೊತ್ತು ಮುಳುಗಿದರೆ ಹರಿಗೋಲು ಇಲ್ಲ ಎಂದು ಅಂಬಿಗ ಮೊದಲೇ ಹೇಳಿದ್ದ. ಆಶಪ್ಪ ದಾರಿಯುದ್ದಕ್ಕೂ ನೆರಳು ನೋಡುತ್ತಲೇ ಬಂದ.

ಯಂಕಣ್ಣನ ಅಂಗಡಿಯಲ್ಲಿ ಮೂರು ತಿಜೋರಿಗಳಿದ್ದವು. ಒಂದಕ್ಕೆ ಹಸಿರು ಬಣ್ಣ, ಹಿತ್ತಾಳೆಯ ಸಿಂಹದ ಹಿಡಿಕೆ, ಕೈಯಷ್ಟು ದಪ್ಪದ ಬಾಗಿಲು. ಇನ್ನೊಂದು ಉದ್ದನೆಯದು, ತಳಕ್ಕೆ ನಾಲ್ಕು ತೂತು ಕೊರೆದು ಯಾವುದೋ ಅಂಗಡಿಯ ನೆಲಕ್ಕೆ ಬಿಗಿದಿದ್ದದ್ದು. ಮೂರನೆಯದು ಮೊಣಕಾಲೆತ್ತರದ್ದು, ಕಂದು ಬಣ್ಣ ಅಲ್ಲಲ್ಲಿ ಎದ್ದಿತ್ತು, ಮೂಲೆಯಲ್ಲಿ ಮುನಿಸಿಕೊಂಡ ಮುದುಕಿಯಂತೆ ಕೂತಿತ್ತು. ಆಶಪ್ಪ ಸಿಂಹದ ಮೇಲೆ ಕೈಯಿಟ್ಟ.

ಯಂಕಣ್ಣನ ಮಾತಿನಲ್ಲಿ ಕನ್ನಡಕ್ಕಿಂತ ತೆಲುಗು ಜಾಸ್ತಿ. ಮೈತುಂಬ ಇದ್ದಿಲ ಪುಡಿ, ಕಣ್ಣಿನ ಕೆಳಗೆ ಊತ. ಅವನೂ ದಣಿದವನೇ. ದಿನಾ ಬರುವವರೆಲ್ಲ ಸಿಂಹದ ಮೇಲೆಯೇ ಕೈ ಇಡುತ್ತಾರೆ.

"ಬಡಿದು ನೋಡ್ರಿ" ಎಂದ.

ಆಶಪ್ಪ ಗೆಣ್ಣಿನಿಂದ ಬಡಿದ. ಗಂಟೆಯಂತೆ ಟಣ್ ಎಂದಿತು.

"ಕಬ್ಬಿಣ ಒಂದಽ ಪದರ. ಕಳ್ಳಗ ಚಲೋ, ಬೆಂಕಿಗೆ ಹಂಚು. ಇದನ್ನ ಬಡೀರಿ."

ಕಂದು ತಿಜೋರಿ ದಪ್ ಎಂದಿತು, ಜೋಳ ತುಂಬಿದ ಚೀಲವನ್ನು ಗುದ್ದಿದ ಹಾಗೆ.

ಯಂಕಣ್ಣ ಬಿಡಿಸಿ ಹೇಳಿದ. ಬೆಂಕಿ ತಡೆಯುವುದು ಕಬ್ಬಿಣವಲ್ಲ. ಎರಡು ಕಬ್ಬಿಣದ ಗೋಡೆ, ನಡುವೆ ಸಂದು, ಆ ಸಂದಿನಲ್ಲಿ ಪಟಿಕ ಮತ್ತು ಬೂದಿ ಬೆರೆಸಿ ಗಿಡಿದು ತುಂಬಿರುತ್ತಾರೆ. ಪಟಿಕವನ್ನು ಹಂಚಿನ ಮೇಲಿಟ್ಟರೆ ಬುರುಬುರು ನೀರು ಬಿಡುವುದನ್ನು ಯಾವ ತಾಯಿ ನೋಡಿಲ್ಲ? ಹೊರಗೆ ಬೆಂಕಿ ಹತ್ತಿದರೆ ಒಳಗೆ ಅದು ಬೆವರುತ್ತದೆ, ಆ ಬೆವರು ಒಣಗುವ ತನಕ ಕಾಗದ ಉಳಿಯುತ್ತದೆ. ಒಂದು ತಾಸು. ಎರಡು ತಾಸು ಎಂದು ಹೇಳಿದವನನ್ನು ನಂಬಬೇಡಿ. ತೂತು ಕೊರೆದದ್ದನ್ನು ತೆಗೆದುಕೊಳ್ಳಬೇಡಿ, ತುಂಬಿದ್ದು ಅಲ್ಲಿಂದ ಸೋರಿರುತ್ತದೆ, ಗಟ್ಟಿಯಾಗಿ ಅಲುಗಿಸಿದರೆ ಮರಳಿನ ಸದ್ದು ಬರುತ್ತದೆ. ಬಾಗಿಲ ಸಂದಿಗೆ ಒಂದು ಚೀಟಿ ಇಟ್ಟು ಮುಚ್ಚಿ. ಎಳೆದರೆ ಚೀಟಿ ಬಂದರೆ ಹೊಗೆಯೂ ಬರುತ್ತದೆ. ಬೆಂಕಿ ತಡೆಯುವ ಸಣ್ಣ ತಿಜೋರಿಯನ್ನು ಇಬ್ಬರು ಕಳ್ಳರು ಹೊತ್ತುಕೊಂಡೂ ಹೋಗಬಹುದು, ಅದಕ್ಕೆ ಎರಡು ಗೋಡೆ ಕೂಡುವ ಮೂಲೆಯಲ್ಲಿಟ್ಟು ಸುತ್ತ ಕಲ್ಲು ಕಟ್ಟಿ. ಮಾಳಿಗೆಯ ಮೇಲಂತೂ ಬೇಡವೇ ಬೇಡ, ತೊಲೆ ಸುಟ್ಟರೆ ಅಲ್ಲಿಂದ ಬಿದ್ದು ಒಡೆಯುತ್ತದೆ.

ಆಶಪ್ಪ ಎಲ್ಲ ಕೇಳಿದ. ಕೇಳಿ, ಪಕ್ಕದಲ್ಲಿ ನಿಂತಿದ್ದ ಶೇಖಮ್ಮನನ್ನು ತೋರಿಸಿದ. ಇವರ ಮನೆಯದೂ ಇಂಥದೇ, ಹೈದರಾಬಾದಿನದೇ, ಒಳಗೆ ಎಲ್ಲ ಸುಟ್ಟಿತು, ಅದಕ್ಕೆ ಏನು ಹೇಳುತ್ತೀ ಎಂದ.

ಯಂಕಣ್ಣ ಆಕೆಯನ್ನು ಒಂದು ಕ್ಷಣ ನೋಡಿದ. ಏನೋ ಕೇಳಲು ಹೋಗಿ ಬಿಟ್ಟ. ಗಿರಾಕಿಗಳಿಗೆ ತೋರಿಸಲೆಂದೇ ಮಾಡಿಟ್ಟಿದ್ದ ಸಣ್ಣ ಡಬ್ಬಿಗಳನ್ನು ತಂದ, ತೆಂಗಿನಕಾಯಿ ಹಿಡಿಯುವಷ್ಟು ದೊಡ್ಡವು. ಒಂದು ದಪ್ಪ ಕಬ್ಬಿಣದ ಒಂಟಿ ಪದರದ್ದು. ಇನ್ನೊಂದು ಎರಡು ಪದರದ್ದು, ನಡುವೆ ಪಟಿಕ. ಎರಡು ಚೀಟಿ ಕೊಟ್ಟು ಏನಾದರೂ ಬರೆಯಿರಿ ಎಂದ. ಆಶಪ್ಪನಿಗೆ ತೋಚಿದ್ದು ಬಾವಿ ಹೊಲದ ಚಕ್ಕುಬಂದಿಯೇ. ನಾಲ್ಕು ದಿಕ್ಕಿಗೆ ಯಾರ ಯಾರ ಗಡಿ ಎಂದು ಎರಡರಲ್ಲೂ ಬರೆದು ಒಳಗಿಟ್ಟ. ಯಂಕಣ್ಣ ಎರಡನ್ನೂ ಕುಲುಮೆಯ ಕೆಂಡದಲ್ಲಿ ಹೂಳಿ ತಿದಿ ಊದಿದ.

ಒಂದು ಚುಟ್ಟಾ ಸೇದುವಷ್ಟು ಹೊತ್ತಾದ ಮೇಲೆ ಇಕ್ಕಳದಲ್ಲಿ ಹಿಡಿದು ತೆಗೆದ. ಒಂಟಿ ಪದರದ್ದನ್ನು ನೀರಿನ ತೊಟ್ಟಿಯಲ್ಲಿ ಅದ್ದಿ, ಬಾಗಿಲು ತೆರೆದು ಬೋರಲು ಹಾಕಿದ. ಕರಿ ಹೊಟ್ಟು ಉದುರಿತು. ಇನ್ನೊಂದನ್ನು ಕಲ್ಲಿನ ಮೇಲಿಟ್ಟು, ಮುಟ್ಟಬೇಡಿ ಎಂದ. ಅಷ್ಟರಲ್ಲಿ ಹೊರಗೆ ಗಾಡಿಯವನೊಬ್ಬ ಗಾಲಿಯ ಪಟ್ಟಿ ಕಳಚಿತೆಂದು ಕೂಗಿದ. ಯಂಕಣ್ಣ ಎದ್ದು ಹೋದ.

ಮುಟ್ಟಬೇಡಿ ಅಂದದ್ದು ಕೈ ಸುಡುತ್ತದೆ ಎಂದಿರಬೇಕು ಅಂದುಕೊಂಡ ಆಶಪ್ಪ. ಹೊರಗೆ ನೋಡಿದ, ನೆರಳು ಆಚೆಯ ಗೋಡೆ ಮುಟ್ಟಿತ್ತು. ಗಾಲಿಯ ಪಟ್ಟಿ ಎಂದರೆ ಒಂದು ತಾಸಿನ ಕೆಲಸ. ಅಲ್ಲಿಂದ ಗಾಡಿ, ಅಲ್ಲಿಂದ ಹೊಳೆ. ಸುಟ್ಟಿದ್ದರೆ ಸುಟ್ಟಿದೆ, ಉಳಿದಿದ್ದರೆ ಉಳಿದಿದೆ, ನೋಡಿ ಮುಗಿಸಿದರಾಯಿತು. ಇಕ್ಕಳ ತೆಗೆದುಕೊಂಡು ಡಬ್ಬಿಯ ಅಗುಳಿ ಸರಿಸಿದ. ಬಾಗಿಲು ತೆರೆಯಿತು.

ಚೀಟಿ ಹಾಗೇ ಇತ್ತು. ಹುರಿದ ಕಡಲೆಯ ಬಣ್ಣಕ್ಕೆ ತಿರುಗಿತ್ತು, ಅಷ್ಟೇ. ತನ್ನ ಅಕ್ಷರ ಕಾಣುತ್ತಿತ್ತು. ಮೂಡಲಕ್ಕೆ ಎಂದು ಓದಿದ. ಮುಂದಿನ ಹೆಸರು ಓದುವಷ್ಟರಲ್ಲಿ ಚೀಟಿಯ ಅಂಚಿನಲ್ಲಿ ಒಂದು ಕೆಂಪು ಗೆರೆ ಹುಟ್ಟಿ, ಇರುವೆ ಸಾಲಿನಂತೆ ಓಡಿ, ಭಗ್ಗೆಂದು ಉರಿಯಿತು. ಅವನು ಇಕ್ಕಳ ಬಿಡುವ ಮೊದಲೇ ಮುಗಿದಿತ್ತು.

ಹಿಂದೆ ಏನೋ ಬಿದ್ದ ಸದ್ದಾಯಿತು. ಶೇಖಮ್ಮ ನಿಂತಲ್ಲೇ ಕುಸಿದು ಕೂತಿದ್ದಳು.

"ಹಿಂಗಽ ಆಗಿತ್ತು" ಅಂದಳು.

ಯಂಕಣ್ಣ ಒಳಗೆ ಬಂದು, ತೆರೆದ ಡಬ್ಬಿ ನೋಡಿ, ಬೈಯಲಿಲ್ಲ. ಆಕೆಯ ಮುಂದೆ ಕುಕ್ಕರಗಾಲಲ್ಲಿ ಕೂತು, ಆ ದಿನ ಏನಾಯಿತು ಹೇಳು ತಾಯಿ ಎಂದ. ಎರಡು ವರ್ಷದಲ್ಲಿ ಇದನ್ನು ಹೀಗೆ ಯಾರೂ ಕೇಳಿರಲಿಲ್ಲ. ಆಶಪ್ಪನೂ ಕೇಳಿರಲಿಲ್ಲ, ಸುಟ್ಟಿತು ಎಂಬುದಷ್ಟೇ ಅವನಿಗೆ ಬೇಕಾಗಿತ್ತು.

ಆಕೆ ನಿಧಾನವಾಗಿ ಹೇಳಿದಳು. ಮಧ್ಯಾಹ್ನ ಮಾಳಿಗೆಯ ಕಣಿಕೆಗೆ ಬೆಂಕಿ ಹತ್ತಿತು. ಒಂದು ತಾಸಿನಲ್ಲಿ ಎಲ್ಲ ಆಯಿತು. ಜನ ನೀರು ಹೊಯ್ದು, ತೊಲೆ ಸರಿಸಿ, ತಿಜೋರಿಯನ್ನು ಹೊರಗೆ ಉರುಳಿಸಿದರು. ದೀಪ ಹಚ್ಚುವ ಹೊತ್ತು ಬಂತು. ಮನೆಯಂತೂ ಹೋಯಿತು, ಲಕ್ಷ್ಮಿಯನ್ನಾದರೂ ಕತ್ತಲಲ್ಲಿ ಕೂಡ್ರಿಸಬಾರದು ಎಂದು ಓಣಿಯ ಹೆಂಗಸರೆಲ್ಲ ಅಂದರು. ಪಕ್ಕದ ಮನೆಯಿಂದ ದೀಪ ತಂದರು. ತಾನು ಒದ್ದೆ ಗೋಣಿಯಲ್ಲಿ ಬೀಗ ಹಿಡಿದು, ಕೀಲಿ ತಿರುವಿ, ದಿನದಂತೆ ಒಂದು ಬೆರಳಿನಷ್ಟು ಬಾಗಿಲು ತೆರೆದಳು. ಒಳಗೆ ಉರಿ ಕಂಡಿತು.

"ತೆಗದ ಕೂಡ್ಲೇನಽ ಕಂಡಿತೋ, ತೆಗದ ಮ್ಯಾಲ ಹತ್ತಿತೋ?" ಯಂಕಣ್ಣ ಕೇಳಿದ.

ಆಕೆ ತೆರೆದ ಡಬ್ಬಿಯ ಬೂದಿ ನೋಡಿದಳು. "ಮೊದಲು ಕೆಂಪು ಅರಿವಿ ಕಂಡಿತ್ತು" ಎಂದಳು. "ನಮ್ಮ ಕಾಗದ ಸುತ್ತಿದ ಅರಿವಿ."

ಯಂಕಣ್ಣ ನೆಲ ನೋಡಿದ. ಸುಳ್ಳು ಹೇಳು ಮಹಾರಾಯ ಎಂದು ಆಶಪ್ಪ ಮನಸ್ಸಿನಲ್ಲೇ ಬೇಡಿಕೊಂಡ. ಈ ಹೆಂಗಸು ಇನ್ನೂ ಎಷ್ಟು ಸಲ ಕಚೇರಿಗೆ ನಡೆಯಬೇಕೋ, ಇದನ್ನೂ ಹೊತ್ತು ನಡೆಯುವುದು ಬೇಡ.

"ಹಂಗಾದ್ರ ಕಾಗದ ಆಗಿನ್ನೂ ಇತ್ತು" ಅಂದಳು ಶೇಖಮ್ಮ.

"ಇದ್ದಿರಬೇಕು ತಾಯಿ. ಇಲ್ಲ ಅನ್ನಾಕ ನನಗ ಬಾಯಿ ಬರವಲ್ದು."

ಆಮೇಲೆ ಅವನು ಇಬ್ಬರಿಗೂ ತಿಳಿಸಿ ಹೇಳಿದ. ಬೆಂಕಿ ಆರಿದರೂ ತಿಜೋರಿಯ ಗೋಡೆಯಲ್ಲಿ ಕಾವು ಕೂತಿರುತ್ತದೆ. ಒಳಗೆ ಕಾಗದ ಕಾದು ಕಾದು ಸಿದ್ಧವಾಗಿರುತ್ತದೆ, ಆದರೆ ಉರಿಯಲು ಗಾಳಿ ಇಲ್ಲ. ಬಾಗಿಲು ತೆರೆದರೆ ಕುಲುಮೆಗೆ ತಿದಿ ಊದಿದ ಹಾಗೆ. ಕಾರ್ಖಾನೆಯಲ್ಲಿ ಇದನ್ನು ಮೊದಲ ದಿನವೇ ಹೇಳಿಕೊಡುತ್ತಾರೆ. ಮಾರುವವರು ಮಾತ್ರ ಕೊಳ್ಳುವವರಿಗೆ ಹೇಳುವುದಿಲ್ಲ. ಬೆಂಕಿಯ ಮಾತು ಜಾಸ್ತಿ ಆದರೆ ಗಿರಾಕಿ ಎದ್ದು ಹೋಗುತ್ತಾನೆ. ಬೆಂಕಿ ಬಿದ್ದ ತಿಜೋರಿಗೆ ನೀರು ಹೊಯ್ದು ಅವಸರ ಮಾಡಬೇಡಿ, ಕೀಲಿ ಮುಟ್ಟಬೇಡಿ. ಒಂದು ರಾತ್ರಿ, ಒಂದು ಹಗಲು. ಬರಿಗೈ ಇಟ್ಟರೆ ಬೇಸಿಗೆಯ ನೀರಿನ ಕೊಡದಂತೆ ತಣ್ಣಗೆ ಅನ್ನಿಸಬೇಕು, ಆಗ ತೆರೆಯಿರಿ.

ಆಶಪ್ಪ ಕಂದು ತಿಜೋರಿ ಗಾಡಿಗೆ ಏರಿಸು ಎಂದ. ಅವನಿಗೆ ಇನ್ನು ಕೇಳುವುದೇನೂ ಉಳಿದಿರಲಿಲ್ಲ. ಆದರೆ ಶೇಖಮ್ಮ ಏಳಲಿಲ್ಲ. ಇನ್ನೊಂದು ಡಬ್ಬಿ ಇದೆಯೇ ಎಂದು ಯಂಕಣ್ಣನನ್ನು ಕೇಳಿದಳು. ಇದೆ ಎಂದ. ಅದನ್ನು ಕೆಂಡದಲ್ಲಿ ಇಡು ಎಂದಳು. ಅದು ತಣ್ಣಗಾಗಲು ನಾಳೆ ಬೆಳಿಗ್ಗೆ ಆಗುತ್ತದೆ ಎಂದ. ಆಗಲಿ ಎಂದಳು.

"ಅಕ್ಕಾರ, ನಾಳೆ ನಿಮ್ಮ ಪೇಶಿ ಐತಿ" ಎಂದ ಆಶಪ್ಪ.

"ತಾರೀಖು ಮತ್ತ ಕೊಡ್ತಾರ ಬಿಡ್ರಿ. ಅದೊಂದು ಮಾತ್ರ ಅವ್ರ ಕಡೆ ತೀರಂಗಿಲ್ಲ."

ಆಕೆ ತಮಾಷೆ ಮಾಡಿದ್ದನ್ನು ಅವನು ಎರಡು ವರ್ಷದಲ್ಲಿ ಮೊದಲ ಸಲ ಕೇಳಿದ. ಚೀಟಿ ಮುಂದಿಟ್ಟುಕೊಂಡು, ಏನು ಬರೆಯಲಿ ಎಂದ. ಕಣ್ಣು ಮುಚ್ಚಿ ಆಕೆ ಹೇಳಿದಳು. ಕಚೇರಿಯ ಪಡಸಾಲೆಯಲ್ಲಿ ನಿಂತು ನಿಂತು ಬಾಯಿಪಾಠವಾಗಿತ್ತು. ಮೂಡಲಕ್ಕೆ ಹಳ್ಳ, ಪಡುವಲಕ್ಕೆ ಗೌಡರ ಬದು, ಬಡಗಲಕ್ಕೆ ಬಂಡಿದಾರಿ, ತೆಂಕಲಕ್ಕೆ ಬುಗ್ಗಮ್ಮನ ಹುಣಸೆ ಗಿಡ. ಆಶಪ್ಪ ತಪ್ಪಿಲ್ಲದಂತೆ ನಿಧಾನವಾಗಿ ಬರೆದ.

ಹರಿಗೋಲು ತಪ್ಪಿತು, ಆ ರಾತ್ರಿ ಗದ್ವಾಲದಲ್ಲೇ ಉಳಿದರು. ಬೆಳಿಗ್ಗೆ ಯಂಕಣ್ಣ ಡಬ್ಬಿಯನ್ನು ಆಕೆಯ ಮುಂದಿಟ್ಟು ತಾನು ಹಿಂದೆ ಸರಿದ. ಶೇಖಮ್ಮ ಅಂಗೈ ಇಟ್ಟು ನೋಡಿದಳು. ಇನ್ನೊಂದು ಅಂಗೈ ಇಟ್ಟು ನೋಡಿದಳು. ಆಮೇಲೆ ಅಗುಳಿ ಸರಿಸಿದಳು. ಚೀಟಿ ಬೆವರಿನಿಂದ ಮೆತ್ತಗಾಗಿತ್ತು, ಶಾಯಿ ಒಂದೆರಡು ಕಡೆ ಹರಡಿತ್ತು. ಅದನ್ನು ಆಶಪ್ಪನ ಕೈಗೆ ಕೊಟ್ಟು ಓದಿರಿ ಎಂದಳು. ಅವನು ಓದಿದ. ಹಳ್ಳ, ಬದು, ಬಂಡಿದಾರಿ, ಹುಣಸೆ ಗಿಡ. ನಾಲ್ಕೂ ಇದ್ದವು.

ಯಾವ ಕಚೇರಿಯೂ ಒಪ್ಪದ ಚೀಟಿ ಅದು. ಆಕೆ ಸೆರಗಿನ ತುದಿಯಲ್ಲಿ ಅದರ ತೇವ ಒತ್ತಿ, ಯಂಕಣ್ಣನ ಕಡೆ ಚಾಚಿದಳು.

"ಇಟ್ಕೋರಿ. ಬಂದೋರಿಗೆ ತೋರಸ್ರಿ. ಕೊಳ್ಳಾಕ ಬಂದ ಹೆಣ್ಮಕ್ಳಿಗೆ ಮೊದ್ಲ ಇದನ್ನ ಹೇಳ್ರಿ, ಸಿಂಹದ್ದು ಆಮ್ಯಾಲ."

ಹರಿಗೋಲಿನ ಅಂಬಿಗ ಕಂದು ತಿಜೋರಿಯನ್ನು ನೋಡಿ, ಇದೇನು ನಿಮ್ಮ ಮನೆದೇವರೇ, ಇಷ್ಟು ಸಣ್ಣದು ಇಷ್ಟು ಭಾರ ಎಂದು ಗೊಣಗಿದ. ಮನೆಯಲ್ಲಿ ಅಮರಮ್ಮ ಅದರ ಬಣ್ಣ ನೋಡಿ ಮುಖ ಕಿವುಚಿದಳು. ಕತೆ ಕೇಳಿದ ಮೇಲೆ ಅಕ್ಕನ ಪಕ್ಕದಲ್ಲಿ ಕೂತು ಬಹಳ ಹೊತ್ತು ಆಕೆಯ ಕೈ ಹಿಡಿದುಕೊಂಡಳು. ಕೆಳಮನೆಯ ಮೂಲೆಯಲ್ಲಿ ಎರಡು ಕಲ್ಲಿನ ಗೋಡೆ ಕೂಡುವಲ್ಲಿ ತಿಜೋರಿ ಕೂತಿತು. ಭಾಗಪತ್ರವನ್ನು ಮಡಚದೆ, ಅರಗಿನ ಮುದ್ರೆ ಕರಗಿದರೂ ಬರಹಕ್ಕೆ ಅಂಟದಂತೆ ನಡುವೆ ಹತ್ತಿ ಅರಿವೆ ಇಟ್ಟು ಸುತ್ತಿದರು. ದೀಪ ಎಲ್ಲಿ ಇಡಲಿ ಎಂದು ಅಮರಮ್ಮ ಕೇಳಿದ್ದಕ್ಕೆ ಶೇಖಮ್ಮ ಎದುರಿನ ಗೋಡೆಯ ಗೂಡು ತೋರಿಸಿದಳು. ಅಲ್ಲಿಂದಲೂ ಲಕ್ಷ್ಮಿಗೆ ಬೆಳಕು ಕಾಣುತ್ತದೆ ಎಂದಳು. ಮಾಳಿಗೆಯ ಕಣಿಕೆಯನ್ನು ಆಶಪ್ಪ ಎರಡು ದಿನ ಹೊತ್ತು ಹಿತ್ತಲ ಆಚೆಗೆ ಸಾಗಿಸಿದ. ಮೂರನೆಯ ದಿನ ಭಾಗಪತ್ರದ ನಕಲೊಂದನ್ನು ಬರೆಸಿ, ದೊಡ್ಡಪ್ಪನ ಹಿರಿಯ ಮಗನ ಮನೆಗೆ ಹೋಗಿ, ಮೂಲವನ್ನೂ ನಕಲನ್ನೂ ಅವನ ಮುಂದಿಟ್ಟ. ಅವನು ಎರಡನ್ನೂ ಓದಿ, ಬಾವಿ ಇರುವ ಸಾಲಿನ ಮೇಲೆ ಬೆರಳಿಟ್ಟು ಇನ್ನೊಮ್ಮೆ ಓದಿದ. ಆಮೇಲೆ ನಕಲಿಗೆ ಸಹಿ ಹಾಕಿದ. ಕಾಗದ ಎದುರಿಗಿದ್ದರೆ ಅಣ್ಣ ತಮ್ಮಂದಿರ ನಡುವೆ ಜಗಳಕ್ಕೆ ಜಾಗ ಸಾಲುವುದಿಲ್ಲ. ಆ ನಕಲು ಈಗ ಮರಿಕಲ್ಲಿನಲ್ಲಿ, ಶೇಖಮ್ಮನ ಹತ್ತಿರ ಇದೆ.

ಶೇಖಮ್ಮನ ಕೆಲಸ ಇನ್ನೂ ಆಗಿಲ್ಲ. ಪುಣೆಗೆ ಹೋದವನಿಗೆ ಆಶಪ್ಪ ಕಾಗದ ಬರೆದಿದ್ದಾನೆ, ಕಣ್ಣು ಕಾಣದವನನ್ನು ತನ್ನ ಗಾಡಿಯಲ್ಲಿ ಕೂಡ್ರಿಸಿಕೊಂಡು ಮುಂದಿನ ಪೇಶಿಗೆ ತಾನೇ ಕರೆದೊಯ್ಯುವುದಾಗಿ ಒಪ್ಪಿಕೊಂಡಿದ್ದಾನೆ. ಆಕೆ ಮಾತ್ರ ಈಗ ಹೋದ ಹೋದ ಊರಿನಲ್ಲಿ ಯಾರದಾದರೂ ಮನೆಯ ಕಟ್ಟೆಯ ಮೇಲೆ ಕೂತು ಇದನ್ನು ಹೇಳುತ್ತಾಳೆ. ಹೇಳುವಾಗ ತನ್ನ ಕೈಯನ್ನೇ ನೋಡುತ್ತಾಳೆ. ಆದರೂ ಹೇಳುತ್ತಾಳೆ.

ಇದನ್ನು ಓದುತ್ತಿರುವ ಅಣ್ಣಂದಿರೇ, ಓದಿಸಿ ಕೇಳುತ್ತಿರುವ ಅಕ್ಕಂದಿರೇ, ನಿಮ್ಮನ್ನು ಕೇಳಿಕೊಳ್ಳುವುದು ದೊಡ್ಡದೇನಲ್ಲ. ತಿಜೋರಿ ಕೊಳ್ಳುವ ಶಕ್ತಿ ಇದ್ದರೆ ಬಣ್ಣ ನೋಡಬೇಡಿ, ಬಡಿದು ನೋಡಿ. ಗಂಟೆಯಂತೆ ಕೂಗುವುದನ್ನು ಬಿಟ್ಟು ಕಾಳಿನ ಚೀಲದಂತೆ ಸುಮ್ಮನಿರುವುದನ್ನು ತನ್ನಿ. ಶಕ್ತಿ ಇಲ್ಲದಿದ್ದರೆ ನಾಲ್ಕು ಮನೆಯವರು ಕೂಡಿ ಒಂದು ತನ್ನಿ. ಅದೂ ಆಗದಿದ್ದರೆ, ಸಾಕ್ಷಿ ಹೇಳುವ ಹಿರಿಯರು ಬದುಕಿರುವಾಗಲೇ ನಕಲು ಮಾಡಿಸಿ ಬೇರೆ ಊರಿನ ನಂಟರ ಮನೆಯಲ್ಲಿಡಿ. ಕಾಗದ ಇರುವ ಪೆಟ್ಟಿಗೆಯ ಮೇಲೆ ದೀಪ ಬೇಡ. ಆಗಬಾರದ್ದು ಆಗಿಯೇ ಹೋದರೆ, ಬೆಂಕಿ ಆರಿದ ಮೇಲೆ ಕೀಲಿಯನ್ನು ಯಾರ ಕೈಗೂ ಕೊಡದೆ ಒಂದು ರಾತ್ರಿ, ಒಂದು ಹಗಲು ಕಾಯಿರಿ. ಅಂಗಳದಲ್ಲಿ ದೀಪ ಹಚ್ಚಿ ಕೈ ಮುಗಿಯಿರಿ. ನಿಮ್ಮ ಲಕ್ಷ್ಮಿಗೆ ಅಷ್ಟು ತಾಳ್ಮೆ ಇದೆ.

ಈ ಹಾಳೆಯನ್ನು ಕೆಳಗಿಟ್ಟು ಈಗಲೇ ಏಳಿ. ನಿಮ್ಮ ಮನೆಯ ಕಾಗದ ಎಲ್ಲಿದೆ, ಅದರ ಮೇಲೆ ಏನು ಉರಿಯುತ್ತಿದೆ ನೋಡಿ ಬನ್ನಿ.